ಯೊಸೆಮಿಟಿಗೆ ಟ್ರೇಲರ್ ಎಳೆಯುವವರೇ, ಮನೆಯಲ್ಲೇ ನೀರು ತುಂಬಿಸಬೇಡಿ

ಬೇ ಏರಿಯಾದಿಂದ ಪಿಕಪ್ ಹಿಂದೆ ಟ್ರೇಲರ್ ಕಟ್ಟಿ ಯೊಸೆಮಿಟಿಗೆ ಹೊರಡುವವರು ಮೋಸಹೋಗುವುದು ಒಂದೇ ಮಾತಿಗೆ: ‘ಈ ಗಾಡಿ 9,000 ಪೌಂಡ್ ಎಳೆಯುತ್ತೆ’. ಎಳೆಯುತ್ತೆ, ಸರಿ. ಹೊರುವುದೆಷ್ಟು? ಅದು ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಹಳದಿ-ಬಿಳಿ ಸ್ಟಿಕರ್‌ನಲ್ಲಿದೆ. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಅಂಕಿ ಬೇರೆ ಇರಬಹುದು.

ಸ್ಟಿಕರ್ 1,500 ಪೌಂಡ್ ಅನ್ನುತ್ತೆ ಅಂತಿಟ್ಟುಕೊಳ್ಳಿ. ನಾಲ್ಕು ಜನ 560. ತುಂಬಿದ ಟ್ರೇಲರ್ 6,000 ಪೌಂಡ್ ಇದ್ದರೆ ಅದರ ಮೂತಿ ಹಿಚ್ (ಪಿಕಪ್‌ಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಒತ್ತುವ ಟಂಗ್ ವೇಟ್ ಶೇ. 13ರಂತೆ 780. ಆ ಭಾರವನ್ನು ಎಲ್ಲ ಆಕ್ಸಲ್‌ಗಳಿಗೆ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ 90. ಉಳಿದದ್ದು ಬರೀ 70. ಒಂದು ಕೂಲರ್, ಒಂದು ಕಟ್ಟು ಸೌದೆಗೆ ಮುಗಿಯಿತು. ಬ್ರೋಷರ್‌ನ ಟಂಗ್ ವೇಟ್ ಖಾಲಿ ಟ್ರೇಲರಿನದು, ಅದನ್ನು ನಂಬಬೇಡಿ. ಅಕ್ಕಿ ಮೂಟೆ, ಕಬ್ಬಿಣದ ದೋಸೆ ಕಾವಲಿ, ಗ್ರೈಂಡರ್ ಎಲ್ಲ ಮುಂದಿನ ಗೂಡಿಗೆ ತುರುಕಿದರೆ ಅದು ಇನ್ನೂ ಏರುತ್ತೆ. (ಗ್ರೈಂಡರ್ ಯಾಕೆ ಬೇಕು ಅಂತ ಕೇಳುವುದಿಲ್ಲ.) ಹಾಗಂತ ಹಿಂದಕ್ಕೆ ತಳ್ಳಿದರೆ ಟಂಗ್ ಶೇ. 10ಕ್ಕಿಂತ ಇಳಿದು ಟ್ರೇಲರ್ ಬಾಲ ಆಡಿಸುತ್ತೆ. ಭಾರದ ಸಾಮಾನು ಆಕ್ಸಲ್ ಆಸುಪಾಸು, ನೆಲದ ಮಟ್ಟಕ್ಕೆ ಇಡಿ.

ಪಾರ್ಕಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ನಲ್ಲಿ-ಕರೆಂಟಿನ ಹುಕಪ್ ಇಲ್ಲ ಅಂತ ಮನೆಯಲ್ಲೇ ಟ್ಯಾಂಕ್ ತುಂಬಿಸುತ್ತಾರೆ. 40 ಗ್ಯಾಲನ್ ಅಂದರೆ 330 ಪೌಂಡ್! ಕಣಿವೆಯಲ್ಲಿ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್ ಬಳಿಯ ಡಂಪ್ ಸ್ಟೇಷನ್‌ನಲ್ಲೇ (ಟ್ರೇಲರಿನ ಕೊಳಚೆ ಸುರಿಯುವ ಜಾಗ) ನೀರು ಸಿಗುತ್ತೆ. ದಾರಿಗೆ ಐದು ಗ್ಯಾಲನ್ ಸಾಕು.

ಇಡೀ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಅಂದರೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್, ಅಂದರೆ ಗಾಡಿ ಹತ್ತಿಸಿ ತೂಗುವ ತಕ್ಕಡಿ. 99ನೇ ಹೆದ್ದಾರಿಯಲ್ಲಿ ರಿಪನ್ ಬಳಿ ಸಿಗುತ್ತೆ. ಟ್ರಕ್ ಸಾಲು ನೋಡಿ ಹೆದರಬೇಡಿ, ಬೆಳಗ್ಗೆ ಬೇಗ ಹೋಗಿ. ಪಿಕಪ್‌ನ ಮುಂದಿನ ಗಾಲಿ ಮೊದಲ ಹಲಗೆ ಮೇಲೆ, ಹಿಂದಿನವು ಎರಡನೆಯದರ ಮೇಲೆ, ಟ್ರೇಲರಿನವು ಮೂರನೆಯದರ ಮೇಲೆ. ಎಲ್ಲರೂ ಒಳಗೇ ಕೂತಿರಿ. ಹಿಚ್‌ನ ಸ್ಪ್ರಿಂಗ್ ಬಾರ್ (ಭಾರ ಹಂಚುವ ಸರಳು) ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ, ಆಮೇಲೆ ಟ್ರೇಲರನ್ನು ಪಾರ್ಕಿಂಗಿನಲ್ಲಿ ಕಳಚಿ ಪಿಕಪ್ ಮಾತ್ರ ತೂಗಿ. ಎರಡನೇ ಚೀಟಿಯ ಮೊದಲೆರಡು ಹಲಗೆಗಳ ಮೊತ್ತದಲ್ಲಿ ಮೂರನೇ ಚೀಟಿಯ ತೂಕ ಕಳೆದರೆ ನಿಜವಾದ ಟಂಗ್ ವೇಟ್. ಮೊದಲ ಚೀಟಿಯ ಹಿಂದಿನ ಆಕ್ಸಲ್ ತೂಕವನ್ನು ಬಾಗಿಲಿನಲ್ಲೇ ಇರುವ ಇನ್ನೊಂದು ಸ್ಟಿಕರ್‌ನ ಆಕ್ಸಲ್ ಮಿತಿಗೆ ಹೋಲಿಸಿ. ಹಾಫ್-ಟನ್ ಅನ್ನುವ ಹಗುರ ದರ್ಜೆಯ ಪಿಕಪ್‌ಗಳಲ್ಲಿ ಮಿತಿ ಮೀರುವುದು ಹೆಚ್ಚಾಗಿ ಅಲ್ಲೇ.

ಮೊಕಸಿನ್ ಊರು ದಾಟಿದ ಮೇಲೆ ಹತ್ತಿರ ಅಂತ ಕಡಿದಾದ ಓಲ್ಡ್ ಪ್ರೀಸ್ಟ್ ಗ್ರೇಡ್ ರಸ್ತೆಗೆ ತಿರುಗಬೇಡಿ. 120ನೇ ಹೆದ್ದಾರಿಯಲ್ಲೇ ಸುತ್ತಿಕೊಂಡು ಹತ್ತಿ. ವಾಪಸ್ ಇಳಿಯುವಾಗಲೂ ಅದೇ ದಾರಿ: ಟೋ/ಹಾಲ್ ಮೋಡ್ (ಭಾರ ಎಳೆಯುವಾಗಿನ ಗೇರ್ ವ್ಯವಸ್ಥೆ), ಕೆಳಗಿನ ಗೇರ್. ಹೆದ್ದಾರಿ ಎಷ್ಟೇ ಖಾಲಿಯಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಕಟ್ಟಿದವರಿಗೆ ಗಂಟೆಗೆ 55 ಮೈಲಿಯೇ ಮಿತಿ.