ಇ4ಕ್ಕೆ ರಾಜ ಹೋಗಬೇಕಿತ್ತು

ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುವಾಗ ನನಗೆ ಸದಾ ಎದುರಾಗುವ ತೊಡಕೊಂದಿದೆ. ಅಚ್ಚಾದ ಹಾಳೆಯ ಮೇಲಿನ ಸಮಸ್ಯೆಗಳನ್ನು ಪಟಪಟನೆ ಬಿಡಿಸುವ ಮಕ್ಕಳಿಗೆ ಅಂಥದೇ ಸ್ಥಿತಿ ಪಂದ್ಯದ ನಡುವೆ ಬಂದಾಗ ಕಣ್ಣಿಗೇ ಬೀಳುವುದಿಲ್ಲ. ‘ಕಪ್ಪಿನ ಸರದಿ, ಗೆಲ್ಲಿರಿ’ ಎಂದು ಹಾಳೆಯ ತಲೆಯ ಮೇಲೆ ಬರೆದಿರುವುದೇ ಅರ್ಧ ಉತ್ತರ. ಪಂದ್ಯದಲ್ಲಿ ಯಾರೂ ಬಂದು ಭುಜ ತಟ್ಟಿ, ಇಲ್ಲಿ ನಿಂತು ಯೋಚಿಸು ಎಂದು ಹೇಳುವುದಿಲ್ಲ.

ಶಿವಮೊಗ್ಗದ ಒಂದು ಶಿಬಿರದಲ್ಲಿ, ಇದೇ ಕಾರಣಕ್ಕೆ, ಒಂದಿಡೀ ಬೆಳಗನ್ನು ಒಂದೇ ಸ್ಥಿತಿಗೆ ಮೀಸಲಿಟ್ಟೆ. ಯಾರ ಆಟ, ಫಲಿತಾಂಶ ಏನು, ಗೆಲುವಿದೆಯೋ ಇಲ್ಲವೋ, ಯಾವುದನ್ನೂ ಹೇಳದೆ ಕಾಯಿಗಳನ್ನು ಜೋಡಿಸಿ, ಕಪ್ಪಿನ ಸರದಿ ಎಂದಷ್ಟೇ ಹೇಳಿದೆ. (ಹಲಗೆಯ ಮನೆಗಳಿಗೆ ಬಿಳಿಯ ಎಡದಿಂದ ಬಲಕ್ಕೆ ಎಯಿಂದ ಎಚ್‌ವರೆಗಿನ ಅಕ್ಷರ, ಬಿಳಿಯ ಕಡೆಯಿಂದ ಕಪ್ಪಿನ ಕಡೆಗೆ 1ರಿಂದ 8ರವರೆಗಿನ ಅಂಕಿ ಸೇರಿಸಿ ಹೆಸರಿಡುತ್ತಾರೆ.) ಬಿಳಿಯ ಕಡೆ ಜಿ1ರಲ್ಲಿ ರಾಜ, ಸಿ3ರಲ್ಲಿ ಒಂಟೆ, ಜಿ2 ಮತ್ತು ಎಚ್4ರಲ್ಲಿ ಕಾಲಾಳುಗಳು. ಕಪ್ಪಿನ ಕಡೆ ಇ6ರಲ್ಲಿ ರಾಜ, ಎಫ್5ರಲ್ಲಿ ಒಂಟೆ, ಎ4, ಡಿ5, ಎಫ್6, ಜಿ6ರಲ್ಲಿ ನಾಲ್ಕು ಕಾಲಾಳುಗಳು. ಕಪ್ಪಿಗೆ ಎರಡು ಕಾಲಾಳು ಹೆಚ್ಚಿವೆ ನಿಜ, ಆದರೆ ಒಂದು ಒಂಟೆ ಬಿಳಿ ಮನೆಗಳಲ್ಲಿ, ಇನ್ನೊಂದು ಕಪ್ಪು ಮನೆಗಳಲ್ಲಿ ಓಡಾಡುತ್ತದೆ. ಹೀಗೆ ಒಂಟೆಗಳು ಬೇರೆ ಬೇರೆ ಬಣ್ಣದಲ್ಲಿದ್ದರೆ ಎರಡು ಕಾಲಾಳು ಹೆಚ್ಚಿದ್ದರೂ ಆಟ ಡ್ರಾ ಆಗುವುದು ಸಾಮಾನ್ಯ.

ಮೊದಲ ಸುತ್ತಿನಲ್ಲಿ ಬಂದ ಸಲಹೆಗಳೆಲ್ಲ ಕಾಲಾಳು ತಳ್ಳುವುದೇ. ಎ4ರದ್ದನ್ನು ಎ3ಕ್ಕೆ ತಳ್ಳೋಣ ಎಂದು ಒಬ್ಬ. ಆ ಕಾಲಾಳು ಕೊನೆ ಮುಟ್ಟಿ ರಾಣಿಯಾಗಬೇಕಾದ ಎ1ರ ಮೇಲೂ ಸಿ3ರ ಒಂಟೆ ಕಣ್ಣಿಟ್ಟಿದೆ ಎಂದು ಪಕ್ಕದವನೇ ತಡೆದ. ಡಿ4ಕ್ಕೆ ತಳ್ಳೋಣ ಎಂದ ಇನ್ನೊಬ್ಬನಿಗೆ ಒಂಟೆ ಅದನ್ನು ಪುಕ್ಕಟೆ ತಿನ್ನುತ್ತದೆ ಎಂದು ತೋರಿಸಬೇಕಾಯಿತು. ನಾನು ಅಡ್ಡ ಬಾಯಿ ಹಾಕದೆ ಕೂತಿದ್ದೆ. ಮೇಷ್ಟರಾದವರಿಗೆ ಇದು ಸುಲಭದ ಕೆಲಸವಲ್ಲ. ಉತ್ತರ ಗೊತ್ತಿರುವವನ ನಾಲಿಗೆ ತುದಿಯಲ್ಲಿ ಅದು ಕುಣಿಯುತ್ತಲೇ ಇರುತ್ತದೆ.

ದಿಕ್ಕು ಬದಲಿಸಿದ್ದು ಕೊನೆಯ ಬೆಂಚಿನ ಹುಡುಗಿಯ ಒಂದು ಪ್ರಶ್ನೆ. ಯಾವ ನಡೆ ಆಡಬೇಕು ಎಂದು ಅವಳು ಕೇಳಲಿಲ್ಲ. ನಮ್ಮ ರಾಜ ಎಲ್ಲಿಗೆ ಹೋದರೆ ನಾವು ಗೆಲ್ಲುತ್ತೇವೆ ಎಂದು ಕೇಳಿದಳು. ಅಲ್ಲಿಂದ ಮುಂದೆ ಚರ್ಚೆಗೆ ಒಂದು ಬೆನ್ನೆಲುಬು ಬಂತು. ಕಪ್ಪು ರಾಜ ಇ4ಕ್ಕೆ ಬಂದು ನಿಂತರೆ ಡಿ ಸಾಲಿನ ಕಾಲಾಳಿಗೆ ಆಸರೆ ಸಿಗುತ್ತದೆ, ಬಿಳಿ ರಾಜ ಇ3ಕ್ಕೆ ಬಂದು ದಾರಿ ಕಟ್ಟುವುದೂ ತಪ್ಪುತ್ತದೆ. ಹಾಗಾದರೆ ಇದು ಓಟದ ಪಂದ್ಯ: ಕಪ್ಪು ರಾಜನಿಗೆ ಎಫ್5, ಆಮೇಲೆ ಇ4, ಬಿಳಿ ರಾಜನಿಗೆ ಎಫ್2, ಆಮೇಲೆ ಇ3. ಅಡ್ಡ ನಿಂತಿರುವುದು ಎಫ್5ರಲ್ಲಿರುವ ಕಪ್ಪಿನದೇ ಒಂಟೆ. ಅದನ್ನು ಸರಿಸಲು ಒಂದು ನಡೆ ಖರ್ಚಾಗುತ್ತದೆ, ಅಷ್ಟರಲ್ಲಿ ಬಿಳಿ ರಾಜ ಇ3 ತಲುಪಿಬಿಡುತ್ತಾನೆ.

ಮಕ್ಕಳು ಈಗ ಒಂಟೆಯನ್ನು ಒಂದೊಂದೇ ಮನೆಯಲ್ಲಿಟ್ಟು ನೋಡತೊಡಗಿದರು. ಜಿ4ರಲ್ಲಿಟ್ಟರೆ ಬಿಳಿ ರಾಜ ಎಫ್2, ಇ3 ಎಂದು ನಿರಾಳವಾಗಿ ಬರುತ್ತಾನೆ. ಇ4ರಲ್ಲಿಟ್ಟರೆ ಜಿ2ರ ಕಾಲಾಳಿಗೆ ಬೆದರಿಕೆಯೇನೋ ಬಿತ್ತು, ಆದರೆ ರಾಜನಿಗಾಗಿ ಕಾಯ್ದಿಟ್ಟ ಮನೆಯಲ್ಲೇ ಒಂಟೆ ಹೋಗಿ ಕೂತಂತಾಯಿತು. ಬೆದರಿಕೆಯೂ ಬೇಕು, ಇ4 ಖಾಲಿಯೂ ಇರಬೇಕು ಎಂದು ಗುನುಗುತ್ತಿದ್ದ ಹುಡುಗನೊಬ್ಬ ನಗುತ್ತ ಒಂಟೆಯನ್ನು ಎಚ್3ಕ್ಕೆ ತಂದಿಟ್ಟ. ಜಿ2ರ ಕಾಲಾಳು ಅದನ್ನು ಸುಮ್ಮನೆ ಹೊಡೆದುಹಾಕಬಹುದಾದ ಮನೆ ಅದು. ಎಲ್ಲರೂ ಗೊಳ್ಳೆಂದರು. ನಗು ನಿಂತ ಮೇಲೆ, ಹೊಡೆದರೆ ಏನಾಗುತ್ತದೆ ನೋಡಿ ಎಂದೆ.

ಹೊಡೆದರೆ ಬಿಳಿ ಒಂದು ನಡೆಯನ್ನು ಕಾಲಾಳಿಗೆ ಖರ್ಚು ಮಾಡಿದೆ, ಅದರ ರಾಜ ಇನ್ನೂ ಜಿ1ರಲ್ಲೇ ಇದ್ದಾನೆ. ಕಪ್ಪು ರಾಜ ಎಫ್5ಕ್ಕೆ, ಬಿಳಿ ರಾಜ ಎಫ್2ಕ್ಕೆ, ಕಪ್ಪು ರಾಜ ಇ4ಕ್ಕೆ. ಓಟ ಮುಗಿಯಿತು. ಹೊಡೆಯದೆ ಜಿ3ಕ್ಕೆ ತಳ್ಳಿದರೂ ಅದೇ ಕಥೆ, ಒಂದು ನಡೆ ಹೋಯಿತು. ಹೊಡೆಯದೆ ರಾಜನನ್ನು ಎಫ್2ಕ್ಕೆ, ಎಫ್3ಕ್ಕೆ ತಂದರೆ ಒಂಟೆಯೇ ಜಿ2ರ ಕಾಲಾಳನ್ನು ಹೊಡೆದು ಶಹ ಕೊಡುತ್ತದೆ. ರಾಜ ಅದನ್ನು ತಿನ್ನಲು ಹಿಂದೆ ಹೋದಾಗ ಕಪ್ಪು ರಾಜ ಇ4ರಲ್ಲಿರುತ್ತಾನೆ. ಒಂದು ಇಡೀ ಒಂಟೆಯನ್ನು ತೆತ್ತು ಕೊಂಡದ್ದು ಒಂದೇ ಒಂದು ನಡೆಯ ಬಿಡುವು.

ಇದು 1998ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಬಲ್ಗೇರಿಯಾದ ವೆಸೆಲಿನ್ ಟೊಪಾಲೊವ್ ವಿರುದ್ಧ ಅಲೆಕ್ಸಿ ಶಿರೋವ್ ಆಡಿದ ಪಂದ್ಯದ 47ನೇ ನಡೆ ಎಂದು ಆಮೇಲೆ ಹೇಳಿದೆ. ಟೊಪಾಲೊವ್ ಒಂಟೆಯನ್ನು ಹೊಡೆದರು; ಎಫ್6ರ ಕಾಲಾಳನ್ನೂ ತಿಂದರು. ಅಷ್ಟರಲ್ಲಿ ಡಿ ಸಾಲಿನ ಕಾಲಾಳು ಮುಂದೆ ಸರಿದು, ಕಪ್ಪು ರಾಜ ಡಿ3, ಸಿ4 ದಾಟಿ ಬಿ3ಕ್ಕೆ ಬಂದಾಗ, ಎರಡು ಬದಿಯ ಎರಡು ಕಾಲಾಳುಗಳನ್ನು ಹಿಡಿದಿಡಲಾರದೆ 53ನೇ ನಡೆಗೆ ಶರಣಾದರು. ಆ ಕಾಲದ ಕಂಪ್ಯೂಟರ್‌ಗಳು ಈ ನಡೆಯನ್ನು ಹುಡುಕಲು ತಿಣುಕುತ್ತಿದ್ದವು ಎಂಬುದು ಚೆಸ್ ವಲಯದಲ್ಲಿ ಹೆಸರಾದ ಮಾತು. ಶಿರೋವ್ ತಲೆಯೊಳಗೆ ಏನು ನಡೆಯಿತೆಂದು ನಾನು ಹೇಳಲಾರೆ. ಆದರೆ ತ್ಯಾಗ ಮಾಡೋಣ ಎಂದು ಹೊರಟವರಿಗಿಂತ, ರಾಜನನ್ನು ಎಲ್ಲಿಗೆ ಕಳಿಸಬೇಕು, ಅಡ್ಡ ಇರುವುದೇನು ಎಂದು ಕೇಳಿದವರಿಗೆ ಈ ನಡೆ ಸಿಗುವ ಸಾಧ್ಯತೆ ಹೆಚ್ಚು ಎಂಬುದನ್ನು ಆ ಬೆಳಗ್ಗೆ ಕಣ್ಣಾರೆ ಕಂಡೆ.

ಊಟದ ನಂತರ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ, ಚೀನಾದ ಡಿಂಗ್ ಲಿರೆನ್ (ಬಿಳಿ) ಮತ್ತು ಭಾರತದ ಗುಕೇಶ್ (ಕಪ್ಪು) ನಡುವಣ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಪಂದ್ಯದ ಕೊನೆಯನ್ನು ತೋರಿಸಿದೆ. ಇದು ಮೊದಲಿನದರ ಇನ್ನೊಂದು ಮುಖ. ಒಂದು ಕಾಲಾಳು ಕಡಿಮೆಯಿದ್ದರೂ ಡಿಂಗ್ ಆಟವನ್ನು ಉಳಿಸಿಕೊಳ್ಳಬಹುದಿತ್ತು. 55ನೇ ನಡೆಯಲ್ಲಿ ಅವರು ಆನೆಯನ್ನು ಎಫ್2ಕ್ಕೆ ತಂದು ಆನೆಗಳ ವಿನಿಮಯಕ್ಕೆ ಮುಂದಾದರು. ನೋಡಲು ನಿರುಪದ್ರವಿ ನಡೆ. ಗುಕೇಶ್ ಆನೆ ಕೊಟ್ಟು ಆನೆ ತೆಗೆದುಕೊಂಡು, ಒಂಟೆಯನ್ನು ಡಿ5ಕ್ಕೆ ತಂದರು. ಎ8ರ ಮೂಲೆಯಲ್ಲಿದ್ದ ಬಿಳಿ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ಒಂಟೆಗಳೂ ಹೋದವು, ಉಳಿದದ್ದು ರಾಜ ಮತ್ತು ಕಾಲಾಳುಗಳ ಸೋತ ಆಟ. 18ರ ಹರೆಯದ ಗುಕೇಶ್ 7.5–6.5ರಿಂದ ವಿಶ್ವ ಚಾಂಪಿಯನ್ ಆದರು. ನನ್ನ ಮಟ್ಟಿಗೆ, ನಿರ್ಣಾಯಕ ಸ್ಥಿತಿಯನ್ನು ಗುರುತಿಸಲು ನಂಬಬಹುದಾದ ಸುಳಿವು ಇದೇ: ವಿನಿಮಯವಾದ ಕಾಯಿ ಮರಳಿ ಬರುವುದಿಲ್ಲ, ಮುಂದೆ ತಳ್ಳಿದ ಕಾಲಾಳು ಹಿಂದೆ ಬರುವುದಿಲ್ಲ. ತಿರುಗಿಸಿಕೊಳ್ಳಲಾಗದ ನಡೆಗೆ ಕೈ ಹಾಕುವ ಮುನ್ನ ಗಡಿಯಾರದ ನಿಮಿಷಗಳನ್ನು ಧಾರಾಳವಾಗಿ ಖರ್ಚು ಮಾಡಬೇಕು. ಮಿಕ್ಕ ಕಡೆ ಜಿಪುಣತನ ಪರವಾಗಿಲ್ಲ.

ಸಂಜೆಯ ಅಭ್ಯಾಸ ಪಂದ್ಯದಲ್ಲಿ ಎದುರಾಳಿ ಆನೆ ಬದಲಿಸಿಕೊಳ್ಳಲು ಬಂದಾಗ ಕೊನೆಯ ಬೆಂಚಿನ ಹುಡುಗಿ ಬಹಳ ಹೊತ್ತು ಕೈಕಟ್ಟಿ ಕೂತಳು. ಕರೆದೊಯ್ಯಲು ಬಂದಿದ್ದ ಅವಳ ಅಪ್ಪ, ಎಷ್ಟೊತ್ತು ಯೋಚಿಸುತ್ತಾಳೆ ಮಾರಾಯ್ರೆ ಎಂದು ನನ್ನ ಬಳಿ ಗೊಣಗಿದರು. ಅವಳು ವಿನಿಮಯ ಬೇಡವೆಂದು ಆನೆಯನ್ನು ಪಕ್ಕದ ಸಾಲಿಗೆ ಸರಿಸಿ, ಒಂದು ಕಾಲಾಳು ಕಡಿಮೆಯಿದ್ದ ಆ ಆಟವನ್ನು ಡ್ರಾ ಮಾಡಿಕೊಂಡಳು.