ಕಿಡ್ನಿಯಲ್ಲಿ ಸಿಸ್ಟ್ ಇದೆ ಎಂದರೆ ಕ್ಯಾನ್ಸರ್ ಎಂದೇ?

ರೋಗಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಬಂಧುಗಳೂ ಪರಿಚಿತರೂ ಸ್ಕ್ಯಾನಿಂಗ್ ವರದಿಯ ಫೋಟೊ ಕಳಿಸಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಹೊಟ್ಟೆನೋವಿಗೆಂದು ಸ್ಕ್ಯಾನಿಂಗ್ ಮಾಡಿಸಿದೆವು, ಎಡ ಕಿಡ್ನಿಯಲ್ಲಿ ಸಿಸ್ಟ್ ಇದೆ ಎಂದು ಬರೆದಿದ್ದಾರೆ. ಕ್ಯಾನ್ಸರ್ ಏನಾದರೂ ಇರಬಹುದಾ ಮೇಡಂ?" ವರದಿಯಲ್ಲಿ 'ಸಿಂಪಲ್ ಸಿಸ್ಟ್' ಎಂದಿದ್ದರೆ ಹೆದರಬೇಕಾಗಿಲ್ಲ. ಐವತ್ತು ದಾಟಿದವರಲ್ಲಿ ಇಂಥ ನೀರುಗುಳ್ಳೆಗಳು ಬಹಳ ಸಾಮಾನ್ಯ. ತೆಳುವಾದ ಗೋಡೆ, ಒಳಮೈಯಲ್ಲಿ ಚಪ್ಪಟೆ ಜೀವಕೋಶಗಳ ಒಂದೇ ಒಂದು ಪದರ, ಒಳಗೆ ತಿಳಿಹಳದಿ ನೀರು. ಅದರಲ್ಲಿ ಇರುವುದು ಇಷ್ಟೇ. ತೀರ ದೊಡ್ಡದಾಗಿ ನೋವು ಕೊಟ್ಟರೆ, ಸೋಂಕು ತಗಲಿದರೆ ಅಥವಾ ಒಳಗೆ ರಕ್ತಸ್ರಾವವಾದರೆ ಮಾತ್ರ ಅದಕ್ಕೆ ಚಿಕಿತ್ಸೆ ಬೇಕಾಗುತ್ತದೆ.

ಗುಳ್ಳೆಯ ಗೋಡೆ ದಪ್ಪವಾಗಿದ್ದರೆ, ಒಳಗೆ ಅಡ್ಡಗೋಡೆಗಳಿದ್ದರೆ ಅಥವಾ ಗಟ್ಟಿಯಾದ ಭಾಗವಿದ್ದರೆ ವಿಚಾರ ಬೇರೆ. ನ್ಯೂಯಾರ್ಕಿನ ರೇಡಿಯಾಲಜಿ ತಜ್ಞ ಮಾರ್ಟನ್ ಬೋಸ್ನಿಯಾಕ್ ಅವರು 1986ರಲ್ಲಿ ರೂಪಿಸಿದ ವರ್ಗೀಕರಣವನ್ನು ವೈದ್ಯರು ಇಂದಿಗೂ ಅನುಸರಿಸುತ್ತಾರೆ. ಒಂದು ಮತ್ತು ಎರಡನೆಯ ವರ್ಗದ ಸಿಸ್ಟ್‌ಗಳನ್ನು ಹಾಗೆಯೇ ಬಿಡಬಹುದು. 'ಎರಡು-ಎಫ್' ಎಂದು ಬರೆದಿದ್ದರೆ ನಿಯಮಿತವಾಗಿ ಸ್ಕ್ಯಾನ್ ಮಾಡಿಸುತ್ತಿರಬೇಕು. ಮೂರನೆಯ ವರ್ಗದಲ್ಲಿ ಸುಮಾರು ಅರ್ಧದಷ್ಟು ಮತ್ತು ನಾಲ್ಕನೆಯದರಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುತ್ತವೆ. ಆದ್ದರಿಂದ ಸಿಸ್ಟ್ ಎಷ್ಟು ಸೆಂಟಿಮೀಟರ್ ಇದೆ ಎಂಬುದಕ್ಕಿಂತ ಅದರ ಗೋಡೆಯ ಬಗ್ಗೆ ವರದಿ ಏನು ಹೇಳುತ್ತದೆ ಎಂಬುದನ್ನೇ ಮೊದಲು ಓದಬೇಕು.

ಎರಡೂ ಕಿಡ್ನಿಗಳ ತುಂಬ ಗುಳ್ಳೆಗಳಿದ್ದರೆ ಅದು ಬೇರೆಯೇ ಕಾಯಿಲೆ. ಪಾಲಿಸಿಸ್ಟಿಕ್ ಕಿಡ್ನಿ ಎಂಬ ಈ ವಂಶವಾಹಿ ರೋಗ ವಯಸ್ಕರಲ್ಲಿ ಹೆಚ್ಚಾಗಿ ಹದಿನಾರನೆಯ ಕ್ರೋಮೋಸೋಮಿನ ಒಂದು ಜೀನ್ ಕೆಡುವುದರಿಂದ ಬರುತ್ತದೆ, ಮತ್ತು ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50ರಷ್ಟು. ಸುಮಾರು 150 ಗ್ರಾಂ ತೂಗಬೇಕಾದ ಕಿಡ್ನಿ ಇದರಲ್ಲಿ ಕಿಲೋಗಟ್ಟಲೆ ಬೆಳೆಯಬಲ್ಲದು. ಇಂಥವರ ಒಡಹುಟ್ಟಿದವರೂ ಮಕ್ಕಳೂ ರಕ್ತದೊತ್ತಡ ಪರೀಕ್ಷಿಸಿಕೊಳ್ಳಲೇಬೇಕು.

ನಿಜವಾದ ಗಡ್ಡೆಯ ವಿಷಯಕ್ಕೆ ಬಂದರೆ, ವಯಸ್ಕರ ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದದ್ದು ಕ್ಲಿಯರ್ ಸೆಲ್ ಕಾರ್ಸಿನೋಮ. ಕೊಯ್ದಾಗ ಬಂಗಾರದ ಹಳದಿ ಬಣ್ಣ, ನಡುನಡುವೆ ರಕ್ತ ಸೋರಿದ ಕೆಂಪು ಕಲೆಗಳು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಜೀವಕೋಶಗಳು ಖಾಲಿಯಾಗಿ ಕಾಣುತ್ತವೆ, ಏಕೆಂದರೆ ಅವುಗಳಲ್ಲಿದ್ದ ಕೊಬ್ಬು ಮತ್ತು ಗ್ಲೈಕೋಜನ್ ಸ್ಲೈಡ್ ತಯಾರಿಸುವಾಗ ಕರಗಿಹೋಗಿರುತ್ತವೆ. ಈ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಮೂರನೆಯ ಕ್ರೋಮೋಸೋಮಿನ ವಿಎಚ್‌ಎಲ್ ಎಂಬ ಜೀನ್ ಕೆಲಸ ನಿಲ್ಲಿಸಿರುವುದರಿಂದ, ಆಮ್ಲಜನಕ ಸಾಕಷ್ಟಿದ್ದರೂ ಜೀವಕೋಶಗಳು ಇಲ್ಲವೆಂಬಂತೆ ವರ್ತಿಸಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತವೆ. ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಔಷಧಗಳು ಈ ಕ್ಯಾನ್ಸರ್‌ಗೆ ಕೆಲಸ ಮಾಡುವುದೂ ಇದೇ ಕಾರಣಕ್ಕೆ. ಧೂಮಪಾನ, ಬೊಜ್ಜು, ಅಧಿಕ ರಕ್ತದೊತ್ತಡ ಇವು ಇದರ ಅಪಾಯವನ್ನು ಹೆಚ್ಚಿಸುತ್ತವೆ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಇನ್ನೊಂದು ವಿಚಾರವನ್ನು ನಾನು ಸೇರಿಸಿಯೇ ಸೇರಿಸುತ್ತೇನೆ. ಗಡ್ಡೆಗಾಗಿ ತೆಗೆದ ಕಿಡ್ನಿ ನಮ್ಮಲ್ಲಿಗೆ ಬಂದಾಗ ನಾವು ಗಡ್ಡೆಯ ಜೊತೆಗೆ ಅದರಿಂದ ದೂರದ, ಚೆನ್ನಾಗಿದೆ ಎನಿಸುವ ಭಾಗದಿಂದಲೂ ಚೂರುಗಳನ್ನು ತೆಗೆಯುತ್ತೇವೆ. ವರ್ಷಗಟ್ಟಲೆ ಬಿಪಿ ಇದ್ದವರ ಕಿಡ್ನಿಯ ಕವಚ ಸುಲಿದರೆ ಅದರಡಿಯ ಮೇಲ್ಮೈ ನುಣುಪಾಗಿರದೆ ರವೆ ಉದುರಿಸಿದಂತೆ ತರಿತರಿಯಾಗಿರುತ್ತದೆ. ಸೂಕ್ಷ್ಮದರ್ಶಕದಡಿ ನೋಡಿದರೆ, ಗ್ಲೊಮೆರುಲಸ್ ಎಂಬ ಸೋಸುವ ಗುಚ್ಛಗಳಿಗೆ ರಕ್ತ ಒಯ್ಯುವ ಕಿರುಧಮನಿಗಳ ಗೋಡೆ ಗಾಜಿನಂಥ ಗುಲಾಬಿ ವಸ್ತುವಿನಿಂದ ದಪ್ಪಗಾಗಿ ನಡುವಿನ ರಂಧ್ರ ಕಿರಿದಾಗಿರುತ್ತದೆ. ರಕ್ತ ಸಾಲದೆ ಕೆಲವು ಗುಚ್ಛಗಳು ಬರಿಯ ಗಾಯದ ಕಲೆಯ ಉಂಡೆಗಳಾಗಿರುತ್ತವೆ, ಅವು ಸೋಸಿದ ನೀರನ್ನು ಸಾಗಿಸುವ ಕಿರುನಾಳಗಳೂ ಸೊರಗಿರುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ರಕ್ತ ಒಳಬರುವ ಮತ್ತು ಹೊರಹೋಗುವ ಎರಡೂ ಕಿರುಧಮನಿಗಳು ಹೀಗಾಗಿರುತ್ತವೆ. ರೋಗ ಮುಂದುವರಿದಿದ್ದರೆ ಗುಚ್ಛದೊಳಗೆ ದುಂಡನೆಯ ಗಂಟುಗಳು ಕಾಣುತ್ತವೆ. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ವೈದ್ಯರು ವಿವರಿಸಿದ್ದು ಈ ಗಂಟುಗಳನ್ನೇ.

ಹೃದಯ ಹೊರಹಾಕುವ ರಕ್ತದ ಐದನೆಯ ಒಂದು ಭಾಗ ಎರಡು ಕಿಡ್ನಿಗಳಿಗೇ ಹೋಗುವುದರಿಂದ, ರಕ್ತನಾಳ ಕೆಡಿಸುವ ಕಾಯಿಲೆ ಯಾವುದೇ ಇರಲಿ, ಅದರ ಪೆಟ್ಟು ಇಲ್ಲಿಗೆ ಬೀಳುತ್ತದೆ. ಅದಕ್ಕೆ ನೋವಿಲ್ಲ, ಅಲ್ಟ್ರಾಸೌಂಡ್‌ನಲ್ಲಿ ಮೊದಮೊದಲು ಏನೂ ಕಾಣುವುದಿಲ್ಲ, ಸೋಸುವ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವವರೆಗೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣ ಕೂಡ ರಕ್ತದಲ್ಲಿ ಸಾಮಾನ್ಯ ಮಿತಿಯಲ್ಲೇ ಉಳಿಯಬಹುದು. ಗಡ್ಡೆ ಇದ್ದದ್ದು ಒಂದು ಕಿಡ್ನಿಯಲ್ಲಿ, ಅದನ್ನು ತೆಗೆದಾಯಿತು. ರಕ್ತನಾಳಗಳ ಈ ಹಾನಿ ಮಾತ್ರ ಸಾಮಾನ್ಯವಾಗಿ ದೇಹದಲ್ಲಿ ಉಳಿದ ಇನ್ನೊಂದು ಕಿಡ್ನಿಯಲ್ಲೂ ಇರುತ್ತದೆ. ಬಯಾಪ್ಸಿ ವರದಿಯ ಕೊನೆಯಲ್ಲಿ ಒಂದೆರಡು ಸಾಲಿನಲ್ಲಿ ಬರೆದ ಈ ಅಂಶವನ್ನು ಓದದೆ ಬಿಡುವವರೇ ಹೆಚ್ಚು ಎಂಬುದು ನನಗೆ ಬಹಳ ಬೇಸರದ ಸಂಗತಿ.

ಆದುದರಿಂದ ಸಿಸ್ಟ್ ಬಗ್ಗೆ ಕೇಳಿದವರಿಗೆ ನಾನು ತಿರುಗಿ ಕೇಳುತ್ತೇನೆ: ಬಿಪಿ ಎಷ್ಟಿದೆ, ಸಕ್ಕರೆ ಹತೋಟಿಯಲ್ಲಿದೆಯೇ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡಿಸಿದ್ದೀರಾ? ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು ಈ ಕೊನೆಯ ಪರೀಕ್ಷೆಯನ್ನು ಕ್ರಿಯಾಟಿನಿನ್ ಜೊತೆಗೆ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಕಿಡ್ನಿ ತೆಗೆಸಿಕೊಂಡವರು ತಮ್ಮ ಬಯಾಪ್ಸಿ ವರದಿಯನ್ನು ಕ್ಯಾನ್ಸರ್ ವೈದ್ಯರಿಗಷ್ಟೇ ಅಲ್ಲದೆ ಕಿಡ್ನಿ ತಜ್ಞರಿಗೂ ತೋರಿಸಿ, ಗಡ್ಡೆಯಿಲ್ಲದ ಭಾಗದ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂದು ಕೇಳಬೇಕು.