ಎರೆ ಭೂಮಿಯಲ್ಲಿ 14 ಪರ್ಸೆಂಟ್

ಎರೆ ಭೂಮಿಯ, ಅಂದರೆ ಕಪ್ಪು ಮಣ್ಣಿನ, ದಾಳಿಂಬೆ ತೋಟದಲ್ಲಿ ಮಣ್ಣಿನ ತೇವಾಂಶ 14 ಪರ್ಸೆಂಟ್ ಎಂದು ಸೆನ್ಸರ್ ತೋರಿಸಿದರೆ ಒಂದೋ ಗಿಡ ಒಣಗಿರಬೇಕು, ಇಲ್ಲವೇ ಸೆನ್ಸರ್ ಸುಳ್ಳು ಹೇಳುತ್ತಿರಬೇಕು. ಈಗ ಈ ಮಾತು ಸಲೀಸಾಗಿ ಬರುತ್ತದೆ. ಅವತ್ತು ಬೆಳಿಗ್ಗೆ ಹೊಳೆಯಲಿಲ್ಲ.

ತೋಟ ವಿಜಯಪುರದ ಕಡೆಯದು. ಕಾಯಿ ಬಣ್ಣಕ್ಕೆ ಬರುವ ಹೊತ್ತು. ಈ ಹಂತದಲ್ಲಿ ಒಮ್ಮೆ ಒಣಗಿಸಿ ಒಮ್ಮೆಲೇ ನೀರು ಕೊಟ್ಟರೆ ಕಾಯಿ ಸೀಳುತ್ತದೆ. ಅದಕ್ಕೇ ಆ ರೈತರು ನಮ್ಮ ಕಂಪನಿಯ ಸೆನ್ಸರ್ ಹಾಕಿಸಿದ್ದು. 30 ಸೆಂಟಿಮೀಟರ್ ಆಳಕ್ಕೆ ಒಂದು, 60ಕ್ಕೆ ಇನ್ನೊಂದು. ಮೇಲಿನದು ಮಿತಿಗಿಂತ ಕೆಳಗಿಳಿದರೆ ಡ್ರಿಪ್ ವಾಲ್ವ್ ತಾನಾಗಿಯೇ ತೆರೆಯುತ್ತದೆ.

ಅವತ್ತು ನನ್ನ ಒಂದು ಕಿವಿಯಲ್ಲಿ ಆಫೀಸಿನ ರಿವ್ಯೂ ಕಾಲ್, ಇನ್ನೊಂದರಲ್ಲಿ ಆ ರೈತರ ಫೋನು.

"ಸರ್ರ, ನಿಮ್ಮ ಮಷಿನ್ನು ಮತ್ತ ನೀರು ಬಿಡಾಕತ್ತೈತಿ. ನಿನ್ನೇನೂ ಬಿಟ್ಟೈತ್ರಿ. ನೆಲ ಹಸೀನ ಐತಿ."

"ಯಜಮಾನ್ರೇ, ಮೇಲೆ ಹಸಿ ಕಾಣುತ್ತೆ. ಬೇರಿನ ಹತ್ರ ಒಣಗಿದೆ. ಬಿಡ್ಲಿ ಬಿಡಿ."

"ನಮ್ಮ ಗಿಡದ ಬೇರು ನಮಗ ಗೊತ್ತಿಲ್ಲೇನ್ರಿ?"

ಸೆನ್ಸರ್ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ಕೆಂಪಾಗಿತ್ತು, ಅಂದರೆ ತೇವ ಕಮ್ಮಿ, ಹಾಗಾಗಿ ನನಗೆ ಧೈರ್ಯ ಜಾಸ್ತಿ. ಅವರನ್ನು ಸಮಾಧಾನ ಮಾಡುತ್ತಲೇ ಸುಮ್ನೆ ಗ್ರಾಫ್ ಕೆಳಗೆ ಎಳೆದೆ. 60ರ ಗೆರೆ ಹಿಂದಿನ ದಿನವೇ ನೆಟ್ಟಗೆ ಮೇಲೆ ಜಿಗಿದಿತ್ತು. 30ರ ಗೆರೆ ಅಲುಗಿರಲೇ ಇಲ್ಲ. ನೀರು ಮೇಲಿನಿಂದ ಕೆಳಗೆ ಇಳಿಯುತ್ತದೆ, ಅಲ್ವಾ? ಮೇಲಿನ ಸೆನ್ಸರ್ ದಾಟದೆ ಕೆಳಗಿನದಕ್ಕೆ ಹೇಗೆ ಹೋಯಿತು?

ವಾಲ್ವ್ ಕ್ಲೋಸ್ ಒತ್ತಿದೆ. ಪೆಂಡಿಂಗ್. ಮತ್ತೆ ಒತ್ತಿದೆ. ಪೆಂಡಿಂಗ್. ರಿವ್ಯೂ ಕಾಲ್‌ನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು. ತೋಟದಲ್ಲಿ ನೆಟ್‌ವರ್ಕ್ ಬರುವುದೇ ಬೇವಿನ ಮರದ ಕೆಳಗೆ, ನಮ್ಮ ಕಂಟ್ರೋಲರ್ ಇರುವುದು ಮೋಟರ್ ಶೆಡ್ಡಿನಲ್ಲಿ. ಕೊನೆಗೆ ಮರ್ಯಾದೆ ಬಿಟ್ಟು ಕೇಳಿದೆ, "ಯಜಮಾನ್ರೇ, ಸ್ಟಾರ್ಟರ್ ಆಫ್ ಮಾಡ್ತೀರಾ?"

"ನೀವು ಮಾತಾಡಾಕತ್ತಾಗನ ಬಂದ್ ಮಾಡೀನ್ರಿ."

ಆಮೇಲೆ ಹೋಗಿ ಅಗೆದು ನೋಡಿದೆವು. ಮೋಟರ್ ಸುಟ್ಟು ಒಂದು ವಾರ ನೀರಿಲ್ಲದಾಗ ನೆಲ ಬಿರುಕು ಬಿಟ್ಟಿತ್ತು. ಬಿರುಕು ಸರಿಯಾಗಿ ಸೆನ್ಸರ್ ಪಕ್ಕದಲ್ಲೇ ಇಳಿದಿತ್ತು, ಬೆರಳು ತೂರುವಷ್ಟು ಅಗಲ. ನಮ್ಮ ಸೆನ್ಸರ್ ನೋಡುವುದು ಡೈಎಲೆಕ್ಟ್ರಿಕ್ ಬೆಲೆ, ಅಂದರೆ ಸುತ್ತ ನೀರು ಹೆಚ್ಚಿದಷ್ಟೂ ಏರುವ ಒಂದು ವಿದ್ಯುತ್ ಗುಣ. ನೀರಿಗೆ ಅದು ಸುಮಾರು 80, ಗಾಳಿಗೆ 1. ಪಾಪ, ಅದು ಬಿರುಕಿನ ಗಾಳಿಯನ್ನು ಅಳೆದು ವರದಿ ಕೊಡುತ್ತಿತ್ತು. ಡ್ರಿಪ್ ನೀರು ಅದೇ ಬಿರುಕಿನಲ್ಲಿ ಸೀದಾ 60ಕ್ಕೆ ಇಳಿಯುತ್ತಿತ್ತು. ಜೇಡಿ ಜಾಸ್ತಿ ಇರುವ ಈ ಮಣ್ಣಿನಲ್ಲಿ ತೇವ 20ರ ಆಸುಪಾಸಿಗೆ ಬರುವಷ್ಟರಲ್ಲೇ ಗಿಡ ಬಾಡಲು ಶುರುವಾಗುತ್ತದೆ. 14 ಇದ್ದೂ ಎಲೆ ಹಸಿರಾಗಿದೆ ಎಂದರೆ ಯಾರನ್ನು ನಂಬಬೇಕು?

ಒಂದಷ್ಟು ಕಾಯಿ ಸೀಳಿದವು. ಅದರಲ್ಲಿ ಸುಟ್ಟ ಮೋಟರಿನ ಪಾಲೂ ಇದೆ. ರೈತರು ಎಲ್ಲವನ್ನೂ ನಮ್ಮ ಲೆಕ್ಕಕ್ಕೇ ಬರೆದರು. ಬರೆಯಲಿ.

ಎರೆ ಮಣ್ಣಿನಲ್ಲಿ ಸೆನ್ಸರ್ ಕೂರಿಸುವ ಕ್ರಮವೇ ಬೇರೆ. ಅದೇ ಗುಂಡಿಯ ಮಣ್ಣನ್ನು ಪುಡಿ ಮಾಡಿ, ನೀರಿನಲ್ಲಿ ಗಂಜಿಯ ಹಾಗೆ ಕಲಸಿ, ಸುತ್ತಲೂ ಸುರಿಯಬೇಕು. ಹೆಂಟೆ ತುಂಬಿ ಕಾಲಿನಲ್ಲಿ ತುಳಿದು ಬಂದರೆ ಆಗದು. ಆದರೆ ದಿನಕ್ಕೆ ಇಷ್ಟು ಇನ್‌ಸ್ಟಾಲ್ ಅಂತ ಟಾರ್ಗೆಟ್ ಕೊಟ್ಟವರಿಗೆ ಗಂಜಿ ಕಲಸುವ ಹೊತ್ತು ಲೆಕ್ಕಕ್ಕಿಲ್ಲ. ಮಿತಿ ಗೊತ್ತುಮಾಡಿದ್ದೂ ಬೆಂಗಳೂರಿನ ಕೆಂಪು ಮಣ್ಣಿನ ಟ್ರಯಲ್ ಪ್ಲಾಟಿನಲ್ಲಿ. ಅಲ್ಲಿ ಎಲ್ಲ ಚೆನ್ನಾಗಿಯೇ ನಡೆಯುತ್ತದೆ.

ಈಗ ಎರೆ ಭೂಮಿ ಎಂದರೆ ನಾನು ಆಟೋ ಮೋಡ್ ಆನ್ ಮಾಡುವುದಿಲ್ಲ, ಅಲರ್ಟ್ ಮಾತ್ರ. 30ಕ್ಕಿಂತ ಮೊದಲು 60 ಏರಿದರೆ ಗುದ್ದಲಿ ಹಿಡಿದು ಹೋಗುತ್ತೇನೆ. ಇನ್‌ಸ್ಟಾಲ್ ಫಾರ್ಮಿನಲ್ಲಿ ಮಣ್ಣು ಯಾವುದು ಎಂದು ಕೇಳುವ ಒಂದು ಕಾಲಂ ಸೇರಿಸಿ ಅಂತ ಆಫೀಸಿಗೆ ಹಾಕಿದ ಕೋರಿಕೆಯ ಟಿಕೆಟ್ ಇನ್ನೂ ಓಪನ್ ಇದೆ. ಡ್ಯಾಶ್‌ಬೋರ್ಡಿಗೆ ಡಾರ್ಕ್ ಮೋಡ್ ಬಂದಿದೆ.